ಬಸಂತರ್ ಯಾವ ತಾಲೂಕ್ರೀ?

ನಮ್ಮ ಓಣಿಯ ಹವಾಲ್ದಾರ್ ಮುತ್ಯಾ ತೀರಿಕೊಂಡರು. 1971ರ ಯುದ್ಧ ಮಾಡಿ ಬಂದವರು. ಎರಡು ಪ್ಯಾರಾ ಬರೆದು ಕಲಬುರಗಿಯ ಒಂದು ಪತ್ರಿಕೆಗೆ ಒಯ್ದು ಕೊಟ್ಟೆ.

ಮುತ್ಯಾ ಮದ್ರಾಸ್ ಸ್ಯಾಪರ್ಸ್‌ನವರು, ಅಂದರೆ ಸೇನೆಯ ಎಂಜಿನಿಯರ್ ಪಡೆಯವರು. ಪಾಕಿಸ್ತಾನದ ಶಕರ್‌ಗಢ ಕಡೆ ಬಸಂತರ್ ನದಿ ದಂಡೆಯಲ್ಲಿ ಶತ್ರುಗಳು ಹೂತಿಟ್ಟ ನೆಲಬಾಂಬ್ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿದವರು. ಡಿಸೆಂಬರ್ ಚಳಿ, ಕತ್ತಲು, ಮೇಲಿಂದ ಗುಂಡು. ಕೆಲಸ ಮುಗಿಯುವ ಮೊದಲೇ ನಮ್ಮ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ಆ ದಾರಿಯಲ್ಲಿ ನುಗ್ಗಿದವು. 16ನೇ ತಾರೀಖು ಅದೇ ಕಾಳಗದಲ್ಲಿ ಆ ರೆಜಿಮೆಂಟಿನ 21 ವರ್ಷದ ಅಧಿಕಾರಿ ಅರುಣ್ ಖೇತರ್ಪಾಲ್ ಪ್ರಾಣ ಕೊಟ್ಟರು. ಅವರಿಗೆ ಪರಮವೀರ ಚಕ್ರ ಬಂತು. ಮುತ್ಯಾಗೆ ಮೊಣಕಾಲು ನೋವು ಬಂತು.

"ಬಸಂತರ್ ಅಂದ್ರ ಯಾವ ತಾಲೂಕ್ರೀ ಸರ್?" ಎಂದ ಡೆಸ್ಕಿನ ಹುಡುಗ. ಭೀಮಾ, ಕಾಗಿಣಾ ಬಿಟ್ಟು ಬೇರೆ ನದಿ ಅವನ ಪುಟಕ್ಕೆ ಬರುವುದಿಲ್ಲವಂತೆ.

ಮರುದಿನ ಅಚ್ಚಾಯಿತು. "ಮಾಜಿ ಸೈನಿಕ ನಿಧನ. ದೇಶಸೇವೆ ಸಲ್ಲಿಸಿದ್ದರು. ಅಪಾರ ಬಂಧು ಬಳಗವನ್ನು ಅಗಲಿದ್ದಾರೆ." ಯುದ್ಧ ಎರಡು ಪದಕ್ಕೆ ಮುಗಿಯಿತು. ಅದರ ಕೆಳಗೆ ಸಂತಾಪ ಸೂಚಿಸಿದವರ ಹೆಸರು, ಹುದ್ದೆ ಸಮೇತ, ಹನ್ನೊಂದು ಸಾಲು. ಇದರಲ್ಲಿ ಮುತ್ಯಾನ ಮನೆ ಬಾಗಿಲು ಕಂಡವರು ಇಬ್ಬರೇ. ಒಬ್ಬರು ಮತ ಕೇಳಲು ಬಂದಿದ್ದರು, ಇನ್ನೊಬ್ಬರು ವಿಳಾಸ ತಪ್ಪಿ.

ಜಗತ್ ವೃತ್ತದ ಬ್ಯಾನರ್ ಇನ್ನೂ ಜೋರು. ಮೇಲೆ ನಾಯಕರು, ಕೆಳಗೆ ಯುವ ನಾಯಕರು, ನಡುವೆ ಪಾಸ್‌ಪೋರ್ಟ್ ಸೈಜಿನ ಮುತ್ಯಾ. ಮೊದಲು ನೋಡಿದರೆ ಸತ್ತವರು ಯಾರು ಅಂತ ಗಲಿಬಿಲಿ ಆಗುತ್ತಿತ್ತು. ಮುತ್ಯಾನ ತಲೆ ಮೇಲೆ ವಾಯುಪಡೆಯ ಕಸರತ್ತು ತಂಡ ಸೂರ್ಯಕಿರಣ್‌ನ ಒಂಬತ್ತು ವಿಮಾನ. "ಮಿಲಿಟ್ರಿ ಅಂದ್ಮ್ಯಾಲ ವಿಮಾನ ಬೇಕಲ್ರೀ, ಬೀದರ್‌ದಾಗ ದಿನಾ ಹಾರ್ತಾವ" ಎಂದ ಡಿಸೈನ್ ಮಾಡಿದವ. ನೆಲಕ್ಕೆ ಹೊಟ್ಟೆ ಹಚ್ಚಿ ತೆವಳಿದ ಮನುಷ್ಯ, ಪಾಪ, ಹೋಗುವಾಗಲಾದರೂ ವಾಯುಪಡೆ ಸೇರಿದರು.

ತಪ್ಪು ಸರಿಪಡಿಸಿ ಎಂದು ಪತ್ರಿಕೆಗೆ ಮತ್ತೆ ಹೋದೆ. "ನಾಳೆ ತಿದ್ದುಪಡಿ ಹಾಕ್ತೀವಿ, ಆಗಲೇ ಫೋನ್ ಬಂದದ" ಎಂದರು. ಖುಷಿಯಾಯಿತು. ಬೆಳಿಗ್ಗೆ ಎದ್ದವನೇ ಪುಟ ತೆರೆದೆ:

"ನಿನ್ನೆಯ ನಿಧನ ವಾರ್ತೆಯಲ್ಲಿ ಸಂತಾಪ ಸೂಚಿಸಿದ ಮುಖಂಡರೊಬ್ಬರ ಹೆಸರು ಕಣ್ತಪ್ಪಿನಿಂದ ಬಿಟ್ಟುಹೋಗಿದೆ. ವಿಷಾದಿಸುತ್ತೇವೆ."

ಜೊತೆಗೆ ಅವರ ಫೋಟೊ.