ನಮ್ಮಲ್ಲಿಗೆ ಪತ್ರಿಕೆ ಬಸ್ಸಿನಲ್ಲಿ ಬರುತ್ತದೆ

ಬೆಳಗ್ಗಿನ ಕಾಫಿ ಜೊತೆ ಪತ್ರಿಕೆ ಬಿಡಿಸುವ ಸುಖ ಮೊಬೈಲಿನಲ್ಲಿ ಸಿಗುವುದಿಲ್ಲ ಎಂದು ಬರೆದಿದ್ದೀರಿ. ನಿಜ ಸರ್. ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು. ನಮಗೆ ಆ ಸುಖ ಸ್ವಲ್ಪ ತಡವಾಗಿಯೇ ಸಿಗುವುದು. ಪತ್ರಿಕೆಯ ಕಟ್ಟು ಬಸ್ಸಿನಲ್ಲಿ ಬಂದು ಅಂಗಡಿ ಜಗಲಿಗೆ ಬೀಳಬೇಕು. ಹಾಲು ಕೊಟ್ಟು ವಾಪಸ್ ಬರುವಾಗ ನಾನು ತರಬೇಕು.

ಅಪ್ಪ ಮೊದಲು ನೋಡುವುದು ಅಡಿಕೆ ಧಾರಣೆ. ಹೊಸತಕ್ಕೆ ಎಷ್ಟು, ಹಳತಕ್ಕೆ ಎಷ್ಟು, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ರೇಟು ಏನು. ಅದೆಲ್ಲ ವಾಟ್ಸಾಪ್‌ನಲ್ಲಿ ಆಗಲೇ ಬಂದಿರುತ್ತದೆ. ಆದರೂ ಅಚ್ಚಾದದ್ದನ್ನು ನೋಡಿದ ಮೇಲೆಯೇ ಅವರಿಗೆ ಸಮಾಧಾನ. ಆಮೇಲೆ ಯಕ್ಷಗಾನದ ಪಟ್ಟಿ. ಇವತ್ತು ಯಾವ ಮೇಳದ ಆಟ ಎಲ್ಲಿ, ಪ್ರಸಂಗ ಯಾವುದು ಅಂತ. ರಾತ್ರಿ ಆಟಕ್ಕೆ ಹೋಗುವ ಶಕ್ತಿ ಈಗ ಅವರಿಗಿಲ್ಲ. ಆದರೂ ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾರೆ. ಆ ಹತ್ತು ನಿಮಿಷ ಮನೆಯಲ್ಲಿ ಯಾರೂ ಅವರನ್ನು ಮಾತಾಡಿಸುವುದಿಲ್ಲ.

ಇನ್ನೊಂದು ಮಾತು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಈಗ ಬೋರ್ಡು, ಕಚೇರಿ ಕಾಗದ ಜಾಸ್ತಿ ಮಲಯಾಳದಲ್ಲೇ. ಪಾಠಪುಸ್ತಕ ಬಿಟ್ಟರೆ ನಮ್ಮ ಮನೆಯ ಮಕ್ಕಳ ಕಣ್ಣಿಗೆ ದಿನಾ ಕನ್ನಡ ಅಕ್ಷರ ಬೀಳುವುದು ಈ ಪತ್ರಿಕೆಯಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಟದ್ದು ಇಲ್ಲೇ ಪಕ್ಕದ ಮಂಗಳೂರಿನಿಂದ ಅಲ್ವಾ? ಅದನ್ನು ನೆನೆದರೆ ನನಗೆ ಹೆಮ್ಮೆಯಾಗುತ್ತದೆ.

ಅಪ್ಪ ಓದಿ ಮುಗಿಸಿದ ಮೇಲೆ ಪತ್ರಿಕೆ ನನ್ನ ಮಗಳಿಗೆ. ಜಗಲಿಯಲ್ಲಿ ಹರಡಿ, ಬೋರಲು ಮಲಗಿ, ದೊಡ್ಡ ತಲೆಬರಹಗಳನ್ನು ಕೂಡಿಸಿ ಓದುತ್ತಾಳೆ. ಒತ್ತಕ್ಷರ ತಪ್ಪಿದರೆ ಅಜ್ಜ ಕುರ್ಚಿಯಲ್ಲಿ ಕೂತೇ ತಿದ್ದುತ್ತಾರೆ.