ಮೆಣಸಿಗೆ ಪ್ರಾಸವಾಗುವ ಪದ

ಇಂಗ್ಲಿಷಿನ ‘ಮೆನಿಸ್’ (menace) ಎಂಬ ಪದವನ್ನು ನಾನು ಬಹುಕಾಲ ಅದರ ಕಾಗುಣಿತವನ್ನು ನಂಬಿಕೊಂಡು ‘ಮೆನೇಸ್’ ಎಂದೇ ಓದುತ್ತಿದ್ದೆ. ಅದರ ಸರಿಯಾದ ಉಚ್ಚಾರಣೆ ನಮ್ಮ ಮೆಣಸಿನ ಪಕ್ಕದ್ದು ಎಂದು ತಿಳಿದ ದಿನ ಆ ಪದದ ಮೇಲಿದ್ದ ಭಯ ಅರ್ಧದಷ್ಟು ಇಳಿಯಿತು.

ಅರ್ಥವನ್ನು ಹುಡುಕಿದರೆ ಬೆದರಿಕೆ, ಅಪಾಯ, ಪೀಡೆ ಎಂಬ ಮೂರು ಉತ್ತರಗಳು ಸಿಗುತ್ತವೆ. ಮೂರೂ ಹತ್ತಿರ ಬಂದು ನಿಲ್ಲುತ್ತವೆಯೇ ಹೊರತು ಒಳಗೆ ಕಾಲಿಡುವುದಿಲ್ಲ. ನಮ್ಮ ‘ಬೆದರಿಕೆ’ಯ ಬೇರು ‘ಬೆದರು’. ಬೆದರುವವನು ಹೆದರಿದವನು, ಹೆದರಿಸಿದವನಲ್ಲ. ಕನ್ನಡವು ಈ ಇಡೀ ವ್ಯವಹಾರವನ್ನು ಅಂಜಿದವನ ಎದೆಯೊಳಗೆ ಕುಳಿತು ನೋಡಿ ಹೆಸರಿಟ್ಟಿದೆ. ಲ್ಯಾಟಿನ್ ಭಾಷೆಯಾದರೋ ಹೊರಗೆ ನಿಂತು ವಸ್ತುವಿನ ಆಕಾರವನ್ನು ನೋಡಿತು: ಅಲ್ಲಿ ‘ಮಿನೇ’ ಎಂದರೆ ಬೆದರಿಕೆಯೂ ಹೌದು, ಗೋಡೆಯ ಮೇಲಂಚಿನಿಂದ ಹೊರಚಾಚಿದ ಮೊನೆಗಳೂ ಹೌದು. ಮುಳ್ಳು ಎಂಬ ಅರ್ಥದ ಸಂಸ್ಕೃತದ ‘ಕಂಟಕ’ವು ಪೀಡೆಯ ಹೆಸರಾದದ್ದೂ ಇಂಥದೇ ದಾರಿಯಲ್ಲಿರಬೇಕು.

ಈ ಚಾಚಿಕೊಂಡಿರುವಿಕೆಯಲ್ಲೇ ಪದದ ಗುಟ್ಟಿದೆ ಎಂದು ನನಗೆ ತೋರುತ್ತದೆ. ಕಾಲುದಾರಿಯ ಮೇಲೆ ಬಾಗಿ ನಿಂತ ಬಂಡೆ ಬಿದ್ದುಬಿಟ್ಟರೆ ಅದು ಅಪಘಾತ, ಬೀಳದೆ ನಿಂತಿರುವಷ್ಟು ಕಾಲ ಮೆನಿಸ್. ‘ಥ್ರೆಟ್’ ಎಂಬ ಇನ್ನೊಂದು ಪದಕ್ಕೆ ಸಾಮಾನ್ಯವಾಗಿ ಒಂದು ವಾಕ್ಯ ಬೇಕು, ‘ಹೀಗೆ ಮಾಡದಿದ್ದರೆ ನೋಡು’ ಎಂಬ ಷರತ್ತು ಬೇಕು. ಮೆನಿಸ್‌ಗೆ ಮಾತೇ ಬೇಕಿಲ್ಲ, ಬಾಗಿಲಲ್ಲಿ ಒಬ್ಬ ಮನುಷ್ಯ ಸುಮ್ಮನೆ ನಿಂತ ರೀತಿಯಲ್ಲೂ ಅದು ಇರಬಲ್ಲದು. ಇಂಗ್ಲೆಂಡಿನ 1968ರ ಕಳವು ಕಾಯಿದೆಯ 21ನೆಯ ಕಲಮು ಬ್ಲ್ಯಾಕ್‌ಮೇಲ್ ಅಪರಾಧವನ್ನು ವಿವರಿಸುವಾಗ ಥ್ರೆಟ್ ಎನ್ನದೆ ಈ ಪದವನ್ನೇ, ಅದೂ ಬಹುವಚನದಲ್ಲಿ, ಬಳಸಿದೆ. ಹೊಡೆಯುತ್ತೇನೆ ಎಂಬುದಷ್ಟೇ ಅಲ್ಲ, ಎದುರಿನವನಿಗೆ ಅಹಿತವಾದ ಯಾವುದೇ ಕೃತ್ಯದ ಸೂಚನೆಯೂ ಇದರಲ್ಲಿ ಸೇರುತ್ತದೆಂದು ಅಲ್ಲಿನ ಹಿರಿಯ ನ್ಯಾಯಪೀಠ 1937ರಲ್ಲೇ ಹೇಳಿತ್ತು.

ಪದದ ಬಂಧುಬಳಗ ಇನ್ನೂ ಸ್ವಾರಸ್ಯವಾದದ್ದು. ತಲೆಯ ಮೇಲೆ ತೂಗುವ ‘ಇಮಿನೆಂಟ್’, ಎದ್ದು ಕಾಣುವ ‘ಪ್ರಾಮಿನೆಂಟ್’, ಗಣ್ಯರಿಗೆ ಮೀಸಲಾದ ‘ಎಮಿನೆಂಟ್’ ಎಲ್ಲವೂ ಅದೇ ಬೇರಿನವು. ಗಣ್ಯರೂ ಪೀಡೆಯೂ ದಾಯಾದಿಗಳೆಂಬುದನ್ನು ಸಭೆಗಳಲ್ಲಿ ದೀರ್ಘಕಾಲ ಕುಳಿತವರು ಒಪ್ಪಿಯಾರು. ಅಷ್ಟಕ್ಕೇ ಮುಗಿಯಲಿಲ್ಲ. ಲ್ಯಾಟಿನ್ನಿನ ಕೊನೆಗಾಲದಲ್ಲಿ ಬೆದರಿಸುವ ಕ್ರಿಯಾಪದವು ದನಗಳನ್ನು ಗದರಿಸಿ ಅಟ್ಟುವುದಕ್ಕೆ ಬಳಕೆಯಾಗಿ, ಫ್ರೆಂಚಿಗೆ ಬಂದಾಗ ಬರಿಯ ‘ಕರೆದೊಯ್ಯುವುದು’ ಎಂಬಷ್ಟು ಸಾಧುವಾಯಿತು. ಹೇಳಿದ ಮಾತು ಕೇಳುವವನನ್ನು ಹೊಗಳುವ ‘ಅಮೀನಬಲ್’, ನಡವಳಿಕೆಯ ಘನತೆಯನ್ನು ಸೂಚಿಸುವ ‘ಡಿಮೀನರ್’, ಸಂಜೆಯ ವಿಹಾರದ ‘ಪ್ರಾಮೆನಾಡ್’ ಹುಟ್ಟಿದ್ದು ದನ ಕಾಯುವವನ ಆ ಗದರಿಕೆಯಿಂದ.

ಮೆನಿಸ್ ತಾನೂ ಕ್ರಮೇಣ ಸಾಧುವಾಗಿದೆ. 1951ರ ಮಾರ್ಚ್ ತಿಂಗಳಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಅಮೆರಿಕದಲ್ಲೊಬ್ಬ ಬ್ರಿಟನ್ನಿನಲ್ಲೊಬ್ಬ, ಪರಸ್ಪರ ಸಂಬಂಧವೇ ಇಲ್ಲದ ಇಬ್ಬರು ತುಂಟ ಹುಡುಗರು ಚಿತ್ರಕಥೆಗಳಲ್ಲಿ ಕಾಣಿಸಿಕೊಂಡರು. ಇಬ್ಬರ ಹೆಸರೂ ಡೆನಿಸ್, ಇಬ್ಬರ ಬಿರುದೂ ಮೆನಿಸ್. ಪ್ರಾಸದ ಆಸೆ ಎರಡು ಖಂಡಗಳಲ್ಲಿ ಒಂದೇ ಕೆಲಸ ಮಾಡಿತೆಂದು ಕಾಣುತ್ತದೆ. ಬಾಗಿದ ಬಂಡೆಗೂ ಈ ಹುಡುಗನಿಗೂ ಒಪ್ಪುವ ಒಂದೇ ಕನ್ನಡ ಪದವನ್ನು ಹುಡುಕಿ ನಾನು ಸೋತಿದ್ದೇನೆ. ತಂಟೆಕೋರ ಎಂದರೆ ಬಂಡೆ ನಕ್ಕೀತು. ಕಂಟಕ ಎಂದು ಯಾವ ತಾಯಿಯೂ ಮಗನನ್ನು ಕರೆಯಲಾರಳು, ಹೆಚ್ಚೆಂದರೆ ‘ಎಲ್ಲಿದ್ದೀಯೋ ಪೀಡೆ, ಬಾ ಇಲ್ಲಿ’ ಎಂದಾಳು.