ಡ್ರೈವರ್ ಬಾಗಿಲಿನ ಜಾಯಿಂಟ್ ಕಸ್ಟಡಿ

ಮಂಗಳೂರಿನ ಮಳೆಗೆ ನಾನು ಬೈಯುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಸುರಿಯುವ ಊರು ಇದು. ಬೈಯಲು ಕುಳಿತರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇರೆ ಕೆಲಸಕ್ಕೆ ಪುರುಸೊತ್ತೇ ಇರುವುದಿಲ್ಲ. ನನ್ನ ಸಿಟ್ಟೇನಿದ್ದರೂ ಕಾರಿನ ಬೀಗದ ಮೇಲೆ. ಬೇಸಿಗೆಯಿಡೀ ಹೇಳಿದ ಹಾಗೆ ಕೇಳುತ್ತಿದ್ದ ಡ್ರೈವರ್ ಬಾಗಿಲು, ಮಳೆ ಶುರುವಾದದ್ದೇ ತಡ, ಕೀಯನ್ನು ಸ್ವಲ್ಪ ತಿರುಗಲು ಬಿಟ್ಟು ಅಲ್ಲಿಗೇ ಹಟ ಹಿಡಿಯಿತು.

ನನ್ನದು ಹಳೆಯ ಕಾರು. ರಿಮೋಟ್ ಎಂಬ ಸುಖ ಇಲ್ಲ. ಪುಣ್ಯಕ್ಕೆ ಎಡಗಡೆಯ ಬಾಗಿಲಿಗೂ ಕೀ ಹಾಕುವ ತೂತು ಉಂಟು. ಅದನ್ನು ತೆರೆದು, ಸೀಟಿನ ಮೇಲೆ ಮೊಣಕಾಲೂರಿ, ಕೈ ಚಾಚಿ ಬಲಗಡೆಯ ಲಾಕ್ ಎಳೆಯಬೇಕು. ಆಮೇಲೆ ಹಿಮ್ಮುಖವಾಗಿ ಹೊರಬಂದು ಕಾರಿಗೆ ಅರ್ಧ ಪ್ರದಕ್ಷಿಣೆ. ತಲೆ ಒಳಗೆ ಬೆಚ್ಚಗಿರುತ್ತದೆ, ಉಳಿದರ್ಧ ಕಂಕನಾಡಿ ರಸ್ತೆಯ ಪಾಲು. ಆ ಉಳಿದರ್ಧವನ್ನೇ ಗುರುತು ಹಿಡಿದು ‘ಏನು ಸರ್, ಆರಾಮಾ?’ ಎಂದು ಮಾತಾಡಿಸಿದವರೂ ಇದ್ದಾರೆ.

ಸಲಹೆಗಳಿಗೇನೂ ಬರ ಇರಲಿಲ್ಲ. ಒಬ್ಬರು ತೆಂಗಿನೆಣ್ಣೆ ಬಿಡಿ ಎಂದರು. ನಮ್ಮ ಜಿಲ್ಲೆಯಲ್ಲಿ ತಲೆನೋವಿನಿಂದ ಗೇಟಿನ ಕೀರಲು ಸದ್ದಿನವರೆಗೆ ಎಲ್ಲದಕ್ಕೂ ಅದೇ ಮದ್ದು. ಇನ್ನೊಬ್ಬರು ಡಬ್ಲ್ಯೂಡಿ-40 ಸ್ಪ್ರೇ ತಂದುಕೊಟ್ಟರು. 1953ರಲ್ಲಿ ಅಮೆರಿಕದವರು ರಾಕೆಟ್ಟಿಗೆ ತುಕ್ಕು ಹಿಡಿಯಬಾರದೆಂದು ಮಾಡಿದ್ದಂತೆ. ರಾಕೆಟ್ಟನ್ನು ಒಂದು ಮಳೆಗಾಲ ಪಣಂಬೂರಿನಲ್ಲಿ ನಿಲ್ಲಿಸಿ ನೋಡಿದ್ದರೆ ಅವರಿಗೂ ಗೊತ್ತಾಗುತ್ತಿತ್ತು. ಎರಡು ದಿನ ಸಲೀಸಾಗಿ ತಿರುಗಿದ ಬೀಗ ಮತ್ತೆ ಮೊದಲಿನಂತಾಯಿತು.

ಕೊನೆಗೆ ಹಂಪನಕಟ್ಟೆ ಕಡೆಯ ಒಬ್ಬ ಕೀ ಮಾಡುವವನ ಹತ್ತಿರ ಹೋದೆ. ದೊಡ್ಡ ಕೊಡೆಯ ಕೆಳಗೆ ಕುಳಿತವನು ‘ಒಂತೆ ಉಂತುಲೆ’ ಎಂದು ತುಳುವಿನಲ್ಲಿ ಸ್ವಲ್ಪ ನಿಲ್ಲಲು ಹೇಳಿ ಎದ್ದು ಹೋದ. ಪಂಪ್‌ವೆಲ್ ಫ್ಲೈಓವರ್ 2020ರಲ್ಲಿ ತೆರೆಯುವವರೆಗೆ ಕಾದ ಊರಿನವರಿಗೆ ಇದೆಲ್ಲ ಯಾವ ಲೆಕ್ಕ? ಕಾದೆ. ಬಂದವನು ಬಾಗಿಲಿನ ಪ್ಯಾಡ್ ಬಿಚ್ಚಿದ. ಕ್ಲಿಪ್ಪುಗಳು ಪಟಪಟ ಮುರಿದವು. ‘ಅದು ಹಾಗೇ, ಬಿಚ್ಚಿದ್ರೆ ಮುರೀತದೆ’ ಎಂದ. ಈಗ ನಂತೂರಿನ ಹೊಂಡಗಳಲ್ಲಿ ಆ ಪ್ಯಾಡ್ ಟಕಟಕ ತಾಳ ಹಾಕುತ್ತದೆ. ಇರಲಿ. ಬೀಗದ ಒಳಗೆ ಸಣ್ಣ ಸಣ್ಣ ಬಿಲ್ಲೆಗಳು, ಒಂದೊಂದರ ಕೆಳಗೂ ಕೂದಲೆಳೆಯ ಸ್ಪ್ರಿಂಗು. ಸರಿಯಾದ ಕೀ ಹೋದರೆ ಬಿಲ್ಲೆಗಳೆಲ್ಲ ಒಂದೇ ಮಟ್ಟಕ್ಕೆ ಬಂದು ಬೀಗ ತಿರುಗುತ್ತದೆ. ನನ್ನ ಬೀಗದ ಸ್ಪ್ರಿಂಗುಗಳು ಉಪ್ಪುಗಾಳಿಗೆ ತುಕ್ಕು ಹಿಡಿದು ಪುಡಿಯಾಗಿದ್ದವು. ಅದರ ಮೇಲೆ ನಾವು ಬಿಟ್ಟ ಎಣ್ಣೆಗೆ ಧೂಳು ಸೇರಿ ಒಳಗೆಲ್ಲ ಕಪ್ಪು ಅಂಟು. ‘ಬೀಗಕ್ಕೆ ಎಣ್ಣೆ ಬಿಡ್ಲಿಕ್ಕಿಲ್ಲ ಮಾರಾಯ್ರೆ, ಪೆನ್ಸಿಲ್ ಪುಡಿ ಹಾಕ್ಬೇಕು’ ಎಂದು ಬೈದು, ಹೊಸ ಬೀಗವನ್ನೇ ಕೂರಿಸಿದ. ಹೊಸ ಬೀಗಕ್ಕೆ ಅದರದ್ದೇ ಹೊಸ ಕೀ.

ಹೀಗೆ ನಾನು ಎರಡು ಕೀಯ ಯಜಮಾನನಾದೆ. ಡ್ರೈವರ್ ಬಾಗಿಲಿಗೆ ಒಂದು. ಸ್ಟಾರ್ಟ್ ಮಾಡಲು, ಎಡಬಾಗಿಲಿಗೆ, ಡಿಕ್ಕಿಗೆ ಹಳೆಯದು. ನೋಡಲು ಎರಡೂ ಒಂದೇ ತರ. ಮಳೆಯಲ್ಲಿ ಯಾವಾಗಲೂ ಮೊದಲು ಕೈಗೆ ಸಿಗುವುದು ಬೇಡದ್ದೇ.

ಈ ಸುದ್ದಿ ಕೇಳಿ ನಿಜವಾಗಿ ಖುಷಿಪಟ್ಟವರು ಪಕ್ಕದ ಮನೆಯ ರಾಯರು. ಬ್ಯಾಂಕಿನಿಂದ ನಿವೃತ್ತರಾದವರು. ನಮ್ಮ ಕಡೆ ಕಲ್ಲು ಹೊಡೆದರೆ ಅದು ಬೀಳುವುದು ಒಬ್ಬ ನಿವೃತ್ತ ಬ್ಯಾಂಕ್ ಆಫೀಸರರ ಅಂಗಳಕ್ಕೆ, ಅಲ್ವಾ? ರಾಯರಿಗೆ ಒಂದು ಅಭ್ಯಾಸ. ಲೋಕದ ಯಾವ ಸಮಸ್ಯೆಯಾದರೂ ಅವರು ಅದನ್ನು ನೇರ ಸ್ಟ್ರಾಂಗ್ ರೂಮಿಗೆ ಕರೆದುಕೊಂಡು ಹೋಗುತ್ತಾರೆ.

‘ಎರಡು ಕೀ ಅಂದ್ರೆ ತೊಂದರೆ ಅಲ್ಲ, ಭದ್ರತೆ’ ಎಂದರು. ‘ಬ್ಯಾಂಕಲ್ಲಿ ಇದಕ್ಕೆ ಜಾಯಿಂಟ್ ಕಸ್ಟಡಿ ಅಂತ. ಕ್ಯಾಶ್ ಸೇಫಿಗೆ ಎರಡು ಕೀ, ಇಬ್ಬರ ಕೈಯಲ್ಲಿ. ಒಬ್ಬನೇ ತೆಗೀಲಿಕ್ಕೆ ಆಗುವುದೇ ಇಲ್ಲ. ಎರಡನ್ನೂ ಒಂದೇ ರಿಂಗಿಗೆ ಹಾಕಿದ್ದೀರಾ? ಶಿವ ಶಿವ! ಇನ್‌ಸ್ಪೆಕ್ಷನ್‌ನಲ್ಲಿ ಸಿಕ್ಕಿಬೀಳ್ತೀರಿ.’ ಡೂಪ್ಲಿಕೇಟ್ ಎಲ್ಲಿದೆ ಎಂದು ಕೇಳಿದರು. ಟಿವಿಯ ಕೆಳಗಿನ ಡ್ರಾಯರಿನಲ್ಲಿ ಎಂದೆ. ಡೂಪ್ಲಿಕೇಟನ್ನು ಯಾವತ್ತೂ ಬೇರೆ ಬ್ರಾಂಚಿನಲ್ಲಿ ಇಡಬೇಕಂತೆ. ನನಗೆ ಬ್ರಾಂಚ್ ಇಲ್ಲ ಎಂದರೆ, ‘ಕುಂದಾಪುರದಲ್ಲಿ ನಿಮ್ಮ ತಂಗಿ ಇದ್ದಾಳಲ್ಲ’ ಎಂದರು.

ನಾನು ನಕ್ಕು ಸುಮ್ಮನಾದೆ. ನನ್ನ ಹೆಂಡತಿ ಸುಮ್ಮನಾಗಲಿಲ್ಲ. ಅವಳಿಗೆ ರಾಯರ ಮಾತೆಂದರೆ ರಿಸರ್ವ್ ಬ್ಯಾಂಕಿನ ಸುತ್ತೋಲೆ. ಡೂಪ್ಲಿಕೇಟನ್ನು ಕುಂದಾಪುರಕ್ಕೆ ಕಳಿಸಿ, ಬಾಗಿಲಿನ ಕೀಯನ್ನು ತನ್ನ ಪರ್ಸಿಗೆ ವರ್ಗಾಯಿಸಿಕೊಂಡಳು. ಒಂದು ಬೆಳಿಗ್ಗೆ ಆ ಪರ್ಸಿನ ಸಮೇತ ಎಕ್ಸ್‌ಪ್ರೆಸ್ ಬಸ್ ಹತ್ತಿ ಉಡುಪಿಗೆ ಹೊರಟೂ ಹೋದಳು.

ಹೊಸ ಬೀಗ ಬಂತಲ್ಲ ಎಂದು ನಾನು ಕಾರನ್ನು ಎಡಗಡೆ ಕಂಪೌಂಡ್ ಗೋಡೆಗೆ ತಾಗಿಸಿ ನಿಲ್ಲಿಸುತ್ತಿದ್ದೆ. ಆ ಕಡೆ ಒಂದು ಬೆಕ್ಕು ನುಸುಳಲಿಕ್ಕೂ ಜಾಗ ಇಲ್ಲ. ಬಲಗಡೆಯ ಕೀ ಆ ಹೊತ್ತಿಗೆ ಸುರತ್ಕಲ್ ದಾಟಿತ್ತು. ಉಳಿದದ್ದು ಡಿಕ್ಕಿ. ರಾಯರೇ ಬಂದು ಕೊಡೆ ಹಿಡಿದರು. ನಾನು ಡಿಕ್ಕಿ ಎತ್ತಿ, ಇಸ್ತ್ರಿ ಹಾಕಿದ ಪ್ಯಾಂಟಿನಲ್ಲಿ ಸ್ಟೆಪ್ನಿಯ ಮೇಲಿಂದ ತೆವಳಿ, ಹಿಂದಿನ ಸೀಟಿಗೆ ತಲೆಕೆಳಗಾಗಿ ಇಳಿಯತೊಡಗಿದೆ. ಮಧ್ಯದಲ್ಲಿ ಬೆಲ್ಟ್ ಎಲ್ಲಿಗೋ ಸಿಕ್ಕಿಕೊಂಡಿತು. ಕಾಲು ಮಳೆಯಲ್ಲಿ, ಮುಖ ಸೀಟಿನ ಸಂದಿಯಲ್ಲಿ. ಆಗಲೇ ರಾಯರಿಗೆ ಹಳೆಯ ಕಥೆ ನೆನಪಾಗಬೇಕೇ? ಯಾವುದೋ ಬ್ರಾಂಚಿನಲ್ಲಿ ಕ್ಯಾಶಿಯರ್ ಕೀ ಸಮೇತ ನಾಗಮಂಡಲಕ್ಕೆ ಹೋಗಿ, ಮರುದಿನ ಗಿರಾಕಿಗಳೆಲ್ಲ ಸಾಲುಗಟ್ಟಿ ನಿಂತ ಕಥೆ. ಗಿರಾಕಿಗಳ ಹೆಸರು, ಅವರವರ ಡೆಪಾಸಿಟ್ಟಿನ ಅಂದಾಜು, ಕ್ಯಾಶಿಯರನ ಮಾವನ ಅಡಿಕೆ ತೋಟ, ಯಾವುದನ್ನೂ ಬಿಡಲಿಲ್ಲ. ‘ಸ್ವಲ್ಪ ಕಾಲು ನೂಕಿ ರಾಯರೇ’ ಎಂದು ನಾನು ಕೂಗಿದ್ದನ್ನು ಅವರು ‘ಆಮೇಲೆ?’ ಎಂದು ಕೇಳಿಸಿಕೊಂಡಿರಬೇಕು. ಕಥೆ ಮುಂದುವರಿಯಿತು. ಕೊಡೆ ಮಾತ್ರ ಕಥೆಯ ರಭಸಕ್ಕೆ ಆಚೆ ಈಚೆ ಓಲಾಡುತ್ತ ಅವರನ್ನು ಚೆನ್ನಾಗಿ ಕಾಪಾಡಿತು.

ಆಫೀಸಿಗೆ ಹೋಗುವಾಗ ಸಿಟ್ಟಿನಿಂದ ಏನೇನೋ ಅಂದುಕೊಂಡೆ. ಆದರೆ ಅವರು ಕೊಡೆ ಹಿಡಿದಿದ್ದ ಕೈಯಲ್ಲಿ ತೂಗುತ್ತಿದ್ದ ಹಳೆಯ ಕೀಚೈನು ಕಣ್ಣಿಗೆ ಬಿದ್ದಿತ್ತು. ಅವರ ಬ್ಯಾಂಕಿನದ್ದು. ನಮ್ಮ ಅವಳಿ ಜಿಲ್ಲೆಯಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ವಿಜಯಾ 2019ರಲ್ಲಿ ಬೇರೆ ಬ್ಯಾಂಕಿನೊಳಗೆ ಸೇರಿಹೋಯಿತು. ಕಾರ್ಪೊರೇಷನ್, ಸಿಂಡಿಕೇಟ್ 2020ರಲ್ಲಿ. ರಾಯರದ್ದು ಆ ಮೂರರಲ್ಲಿ ಒಂದು. ಬೋರ್ಡ್ ಬದಲಾಗಿದೆ, ಪಾಸ್‌ಬುಕ್ಕಿನ ಬಣ್ಣ ಬದಲಾಗಿದೆ. ಕೌಂಟರಿನ ಹುಡುಗ ಹಿಂದಿಯಲ್ಲಿ ಮಾತಾಡುತ್ತಾನಂತೆ. ಕೀಚೈನಿನ ಮೇಲೆ ಹಳೆಯ ಹೆಸರು ಅರ್ಧ ಸವೆದು ಇನ್ನೂ ಇದೆ. ಆ ಸ್ಟ್ರಾಂಗ್ ರೂಮಿನ ಮಾತು ಕೇಳುವವರು ಈಗ ಯಾರು? ನಾನೇ.

ಅದೇ ವಾರ ಮತ್ತೆ ಹಂಪನಕಟ್ಟೆಗೆ ಹೋದೆ. ಹೊಸ ಬೀಗವನ್ನು ಹಳೆಯ ಕೀಗೆ ಹೊಂದಿಸಿಕೊಡು, ನನಗೆ ಒಂದೇ ಕೀ ಸಾಕು ಎಂದೆ. ಆಗ್ತದೆ ಎಂದ. (ಆಗುವುದಾದರೆ ಮೊದಲೇ ಯಾಕೆ ಮಾಡಲಿಲ್ಲ? ‘ನೀವು ಕೇಳ್ಲಿಲ್ಲ.’) ಹಳೆಯ ಬೀಗದ ಬಿಲ್ಲೆಗಳನ್ನು ಒರೆಸಿ, ಹಳೆಯ ಕೀ ತೂರಿಸಿ, ಒಂದೊಂದನ್ನೇ ಹೊಸ ಬೀಗಕ್ಕೆ ಕೂರಿಸಿದ. ಕೀ ಸವೆದಿತ್ತು, ಬಿಲ್ಲೆಯೂ ಸವೆದಿತ್ತು. ಕೆಲವು ಮಟ್ಟಕ್ಕೆ ಬರಲೇ ಇಲ್ಲ. ಅವನ್ನು ಸುಮ್ನೆ ಪಕ್ಕಕ್ಕಿಟ್ಟು ಬೀಗ ಮುಚ್ಚಿದ. ಕೀ ಸಲೀಸಾಗಿ ತಿರುಗಿತು.

‘ಇವು ಉಳಿದವಲ್ಲ?’

‘ಅದು ಬೇಡ. ಅಷ್ಟಿದ್ರೆ ಸಾಕು.’

‘ಮತ್ತೆ ಭದ್ರತೆ?’

ಅವನು ಕಾರನ್ನು ಮುಂದಿನಿಂದ ಹಿಂದಿನವರೆಗೆ ಒಮ್ಮೆ ನೋಡಿದ. ‘ಇದನ್ನು ಯಾರು ಕೊಂಡೋಗ್ತಾರೆ ಮಾರಾಯ್ರೆ?’

ಬಿಲ್ಲೆ ಕಡಿಮೆಯಾದಷ್ಟೂ ಬೀಗ ಉದಾರಿಯಾಗುತ್ತದೆ ಎಂಬುದು ನಿನ್ನೆ ತಿಳಿಯಿತು. ಸಂಜೆ ಹೊರಗೆ ಬಂದರೆ ಕಾರು ನಿಲ್ಲಿಸಿದಲ್ಲಿ ಇಲ್ಲ. ಮುಂದೆ, ಕಾಯಿ ತುಂಬಿದ ತೆಂಗಿನ ಮರದ ನೇರ ಕೆಳಗೆ ನಿಂತಿದೆ. ರಾಯರ ಮನೆಗೆ ಗ್ಯಾಸಿನ ವ್ಯಾನ್ ಬಂದಿತ್ತಂತೆ, ದಾರಿ ಸಾಲಲಿಲ್ಲವಂತೆ. ರಾಯರದ್ದೂ ಅದೇ ಕಂಪನಿಯ ಕಾರು. ತಮ್ಮ ಕೀ ಹಾಕಿ ನನ್ನ ಬಾಗಿಲು ತೆರೆದು, ಹ್ಯಾಂಡ್‌ಬ್ರೇಕ್ ಇಳಿಸಿ, ಗ್ಯಾಸಿನ ಹುಡುಗನ ಕೈಲಿ ನೂಕಿಸಿದ್ದಾರೆ.

‘ಒಳ್ಳೆ ರಿಪೇರಿ ಮಾಡಿದ್ದಾನೆ’ ಎಂದರು ರಾಯರು. ‘ನನ್ನ ಬಾಗಿಲಿಗಿಂತ ನಿಮ್ಮದಕ್ಕೇ ನನ್ನ ಕೀ ಚಂದ ತಿರುಗ್ತದೆ. ಅವನ ಅಂಗಡಿ ಎಲ್ಲಿ ಹೇಳಿದ್ರಿ?’